ಎರಡು ಹೆಬ್ಬೆರಳಿನ ಗವಸು

ಮಾರ್ಚ್ 4

ಆಸ್ಪತ್ರೆಯ ನರ್ಸ್ ಈ ಪುಸ್ತಕ ಕೊಟ್ಟು, ದಿನಾ ಬೆರಳುಗಳ ಬಣ್ಣ ಬರೆದಿಡಬೇಕು ಎಂದಳು. ಸರಿ, ಬರೆಯುತ್ತೇನೆ. ಎಡಗೈಯ ಉಂಗುರ ಬೆರಳು, ಕಿರುಬೆರಳು: ತುದಿಯ ಗೆಣ್ಣು ಇಲ್ಲ. ಇಲ್ಲದ ಗೆಣ್ಣಿಗೆ ಏನು ಬಣ್ಣ ಬರೆಯಲಿ? ಉಳಿದ ಮೂರು ನಸುಗೆಂಪು. ಬಲಗೈ ಮಾಮೂಲು.

ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಇನ್ನೊಂದು ಸಲ ಈ ಕೈ ಮರಗಟ್ಟಿದ್ರೆ ಉಳಿದ ಬೆರಳೂ ಹೋಗ್ತಾವೆ, ರಿಸ್ತೆನ್. ಒದ್ದೆಯಾಗದ ಕೆಲಸ ನೋಡ್ಕೊಳ್ಳಿ" ಎಂದರು. ಹಿಮಸಾರಂಗ ಕಾಯುವವಳಿಗೆ ಒದ್ದೆಯಾಗದ ಕೆಲಸ ಎಂದರೆ ಫೋಟೋದಲ್ಲಿ ನಿಲ್ಲುವುದೊಂದೇ.

ನವೆಂಬರಿನಲ್ಲಿ ಆದದ್ದನ್ನು ಒಂದು ಸಲ ಬರೆದು ಮುಗಿಸುತ್ತೇನೆ. ಸರೋವರದ ಮೇಲೆ ಹಿಮ, ಹಿಮದ ಕೆಳಗೆ ನೀರು, ಅದರ ಕೆಳಗೆ ಮಂಜುಗಡ್ಡೆ. ಮೇಲಿಂದ ನೋಡಿದರೆ ಎಲ್ಲ ಬೆಳ್ಳಗೆ. ನನ್ನ ಹಿಮದ ಗಾಡಿ, ಸ್ನೋಮೊಬೈಲ್, ಮೂತಿ ಇಳಿಸಿಕೊಂಡು ಹೂತುಹೋಯಿತು. ಮೊಣಕೈವರೆಗೆ ನೀರಿನಲ್ಲಿ ಕೈ ಹಾಕಿ ಗಾಡಿ ಎತ್ತಿದೆ. ಒದ್ದೆ ಗವಸಿನಲ್ಲೇ ಮೂರು ಗಂಟೆ ಓಡಿಸಿ ಮನೆ ಸೇರಿದೆ. ಗವಸು ಕತ್ತರಿಸಿ ತೆಗೆಯಬೇಕಾಯಿತು.

ಮುಗಿಯಿತು. ಈ ಪುಸ್ತಕವನ್ನು ನರ್ಸಿಗೆ ತೋರಿಸುವುದಿಲ್ಲ.

ಮಾರ್ಚ್ 7

ಬೆರಳು ನಸುಗೆಂಪು.

ಅತ್ತೆಯ ಮನೆಯಲ್ಲಿ ಊಟ. ಮಾಂಸದ ಸಾರು, ಮೂಳೆಯೊಳಗಿನ ಮಜ್ಜೆ, ಅದರ ಜೊತೆಗೆ ನನ್ನ ಮೈದುನ ಇಸಾತನ ಉಪದೇಶ. ಈ ಮನುಷ್ಯ ಹುಟ್ಟಿದಾಗಿನಿಂದ ಯಾರನ್ನೂ ಏನನ್ನೂ ಕೇಳಿದವನಲ್ಲ. ಹೇಳುವುದಷ್ಟೇ ಗೊತ್ತು.

"ಅತ್ತಿಗೆ, ಈ ಸಲ ಹಿಂಡಿನ ಮುಂದೆ ನಾನು ಹೋಗ್ತೀನಿ. ನೀವು ಅಡುಗೆ ಸಾಮಾನಿನ ಜಾರುಬಂಡಿ ಜೊತೆ ಹಿಂದೆ ಬನ್ನಿ. ಬೆಚ್ಚಗೆ ಕಾಫಿ ಕಾಯಿಸ್ಕೊಂಡು."

ಎಡಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡೇ ಹೇಳಿದೆ: "ನೀನು ಮುಂದೆ ಹೋದ್ರೆ ಹಿಂದೆ ಬರೋದು ಹಿಂಡಲ್ಲ, ಬರೀ ಹೆಜ್ಜೆ ಗುರುತು."

ನಗೆಚಾಟಿಕೆಗೆ ಹೇಳಿದ್ದಲ್ಲ. ನನ್ನ ಗಂಡ ಯೋವ್ನನ ಸೊಂಟದ ಮೂಳೆ ಮುರಿದ ಮೇಲೆ ಹನ್ನೊಂದು ವಸಂತ ನಾನೇ ಮುಂದೆ ಗಾಡಿ ಓಡಿಸಿದ್ದೇನೆ. ಒಳನಾಡಿನ ಬಯಲಿನಿಂದ ಸಮುದ್ರದ ದಂಡೆವರೆಗೆ ಎಂಟು ದಿನದ ದಾರಿ. ಹಿಂಡಿನಲ್ಲಿ ಹೆಚ್ಚಿನವು ದಿನ ತುಂಬಿದ ಹೆಣ್ಣುಗಳು. ಮುಂದಿನ ಗಾಡಿ ಎಷ್ಟು ಬೇಗ ಹೋಗುತ್ತದೋ ಅಷ್ಟು ಬೇಗ ಅವು ಬರಬೇಕು. ಹಿಂದಿನ ವರ್ಷ ನನಗೆ ಜ್ವರ ಬಂದು ಇಸಾತ್ ಒಂದೇ ಒಂದು ದಿನ ಮುಂದೆ ಹೋಗಿದ್ದ. ಸಂಜೆಯೊಳಗೆ ನಾಲ್ಕು ಹೆಣ್ಣುಗಳು ಕಂದು ಹಾಕಿದವು. ಅವುಗಳ ಕಣ್ಣು ನಾನು ಮರೆತಿಲ್ಲ.

ಅತ್ತೆ ಬಿಗ್ಗಾ ಮಜ್ಜೆ ಚೀಪುವುದನ್ನು ನಿಲ್ಲಿಸದೆ ತೀರ್ಪು ಕೊಟ್ಟರು. ನಮ್ಮ ಮೂರು ಮನೆಯ ಹಿಂಡಿಗೂ ಅವರದೇ ಮಾತು.

"ಬಾಯಲ್ಲಿ ಜಗಳ ಆಡಬೇಡಿ. ಹೊರಡೋಕೆ ಒಂದು ವಾರ ಮೊದಲು ರಿಸ್ತೆನ್ ಗವಸನ್ನ ನೀರಲ್ಲಿ ಅದ್ದಿ ಹಾಕ್ಕೊಳ್ಳಲಿ. ಸರೋವರದ ಆಚೆ ದಡ ಮುಟ್ಟಿ ಬರಲಿ. ಬೆರಳು ಬೆಚ್ಚಗಿದ್ರೆ ಮುಂದೆ ಅವಳು. ತಣ್ಣಗಿದ್ರೆ ಇಸಾತ್. ಮುಗೀತು."

ಮುಗೀತು ಎಂದರೆ ಮುಗಿಯಿತು.

ಮಾರ್ಚ್ 11

ಆಲ್ಟಾ ಪೇಟೆಗೆ ಹೋಗಿ ಬಂದೆ. ಅಂಗಡಿಯ ಮೀಸೆಯ ಮನುಷ್ಯ ಗೋಡೆ ತುಂಬ ಗವಸು ತೋರಿಸಿದ. "ಇದರೊಳಗೆ ನೀರು ಹೋಗೋದೇ ಇಲ್ಲ, ಅಮ್ಮಾ."

"ಹೋಯ್ತು ಅಂತಿಟ್ಕೊಳ್ಳಿ. ಆಮೇಲೆ?"

"ಹೋಗೋದೇ ಇಲ್ಲ."

"ಮಣಿಕಟ್ಟಿನ ಕಡೆಯಿಂದ ಹೋಗುತ್ತಲ್ಲ. ಅಲ್ಲಿ ಬಾಯಿ ಇದೆಯಲ್ಲ ಇದಕ್ಕೆ."

ಅವನು ಗವಸಿನ ಬಾಯಿಯನ್ನು ಮೊದಲ ಸಲ ನೋಡಿದವನಂತೆ ನೋಡಿದ. ಆದರೂ ಮೂರು ಜೊತೆ ಕೊಂಡೆ. ನಾನೂ ಮನುಷ್ಯಳೇ, ಗೋಡೆಯ ತುಂಬ ಗವಸು ಕಂಡರೆ ಆಸೆ ಹುಟ್ಟುತ್ತದೆ.

ಮಾರ್ಚ್ 12

ಬೆರಳು ಬಿಳಿ, ಆಮೇಲೆ ನೇರಳೆ, ಆಮೇಲೆ ನಸುಗೆಂಪು. ನಾನೇ ಮಾಡಿಕೊಂಡದ್ದು.

ಅಡುಗೆಮನೆಯ ತೊಟ್ಟಿಗೆ ಹಿಮ, ನೀರು ತುಂಬಿದೆ. ಯೋವ್ನ ಊರುಗೋಲು ಪಕ್ಕಕ್ಕಿಟ್ಟು ಗಡಿಯಾರ ಹಿಡಿದು ಕೂತ. ಮೊದಲ ಜೊತೆ, ಮೀಸೆಯವನು ಆಣೆ ಇಟ್ಟದ್ದು, ಮಣಿಕಟ್ಟಿನವರೆಗೆ ಮುಳುಗಿಸಿದಾಗ ಚೆನ್ನಾಗಿತ್ತು. ಒಂದಿಂಚು ಕೆಳಗೆ ಹೋಯಿತು, ನೀರು ಒಳಗೆ ಬಂತು, ಬಂದದ್ದು ಅಲ್ಲೇ ಉಳಿಯಿತು. ಕೈ ಹೊರಗೆ ಎಳೆದರೆ ಒಳಗಿನ ಅಸ್ತರಿ ಬೆರಳುಗಳ ಜೊತೆಗೇ ಕಿತ್ತು ಬಂತು. ತಿರುಗಿ ಬೆರಳು ತೂರಿಸಲು ನೋಡಿದೆ. ಬೆರಳಿನ ದಾರಿಯೇ ಇಲ್ಲ, ಒಳಗೆಲ್ಲ ಗಂಟು.

"ಕುರಿಯ ಕರುಳು ತೊಳೆಯೋ ಹಾಗೆ ಕಾಣುತ್ತೆ" ಎಂದ ಯೋವ್ನ.

"ಟೈಮ್ ಹೇಳು. ಉಪಮೆ ಬೇಡ."

"ಆರು ನಿಮಿಷ."

ಆರು ನಿಮಿಷ! ಸರೋವರ ದಾಟಿ ಬರಲು ಒಂದೂವರೆ ಗಂಟೆ.

ಮಾರ್ಚ್ 15

ಬ್ಯಾಟರಿಯ ಗವಸು: ಒಣಗಿದ್ದಾಗ ಸ್ವರ್ಗ. ನೀರಿಗೆ ಬಿದ್ದ ಮೇಲೆ ಹೆಬ್ಬೆರಳ ಬುಡ ಮಾತ್ರ ಸುಟ್ಟಿತು, ಉಳಿದದ್ದು ಸತ್ತುಹೋಯಿತು. ರಬ್ಬರಿನ ಗವಸು ಹಾಕಿಕೊಂಡು ಒಂದು ಗಂಟೆ ಸೌದೆ ಒಡೆದೆ. ಹೊರಗಿನ ನೀರು ಒಳಗೆ ಬರಲಿಲ್ಲ, ಒಳಗಿನ ಬೆವರು ಹೊರಗೆ ಹೋಗಲಿಲ್ಲ. ಕೈ ಬೇಯಿಸಿ ಆರಿಸಿಟ್ಟ ಮೀನಿನ ಹಾಗಿತ್ತು. ಅಜ್ಜಿಯ ಕಾಲದ ಸಾರಂಗದ ತೊಗಲಿನ ಗವಸಿಗೆ ಹುಲ್ಲು ತುಂಬಿ ನೋಡಿದೆ. ಒಣಗಿದ್ದರೆ ಅದರಂಥದ್ದು ಇನ್ನೊಂದಿಲ್ಲ. ಒದ್ದೆಯಾದರೆ ಲೋಳೆ, ಆರಲು ಎರಡು ದಿನ.

ಮಾರ್ಚ್ 18

ಏನೂ ಬರೆಯುವುದಿಲ್ಲ. ಬೆರಳು ನೋಡಿಕೊಳ್ಳಲಿಲ್ಲ, ನೋಡಲು ಮನಸ್ಸಿಲ್ಲ. ಇಸಾತ್ ನನ್ನ ಗಾಡಿಯ ಮುಂದೆ ನಿಂತು ಅದರ ಹಗ್ಗ ಕಟ್ಟುವ ಕೊಂಡಿಯನ್ನು ಎಳೆದು ನೋಡುತ್ತಿದ್ದ. ಅವನ ಗಾಡಿಯೇ ಆಯಿತು ಎನ್ನುವಂತೆ. ಕಿಟಕಿಯಿಂದ ನೋಡಿ ಅತ್ತುಬಿಟ್ಟೆ.

ಮಾರ್ಚ್ 20

ಸಮುದ್ರದ ದಂಡೆಯ ಓಲ್ಗಾಗೆ ಫೋನ್ ಮಾಡಿದೆ, ಸುಮ್ಮನೆ ಗೋಳು ಹೇಳಿಕೊಳ್ಳಲು. ಓಲ್ಗಾ ನಮಗೆ ನೆಂಟಳು. ರಕ್ತದ ನೆಂಟಸ್ತಿಕೆ ಅಲ್ಲ, ಮಾಂಸ ಮೀನಿನದು. ಮೂರು ತಲೆಮಾರಿನಿಂದ ನಾವು ಅವರಿಗೆ ಮಾಂಸ, ತೊಗಲು ಕೊಡುತ್ತೇವೆ, ಅವರು ನಮಗೆ ಮೀನು, ಉಣ್ಣೆ ಕೊಡುತ್ತಾರೆ.

ನನ್ನ ಗೋಳನ್ನೆಲ್ಲ ಕೇಳಿ ಅವಳು ಒಂದೇ ಮಾತು ಕೇಳಿದಳು: "ಗವಸನ್ನ ಒಣಗಿಸಿ ಇಟ್ಕೊಳ್ಳೋಕೆ ಯಾಕೆ ಒದ್ದಾಡ್ತೀಯಾ?"

"ಮತ್ತೇನು ಮಾಡ್ಲಿ?"

"ನಮ್ಮಪ್ಪ ದೋಣಿ ಹತ್ತೋ ಮೊದ್ಲೇ ಉಣ್ಣೆ ಗವಸನ್ನ ಸಮುದ್ರದಲ್ಲಿ ಅದ್ದಿ, ಹಿಂಡಿ ಹಾಕ್ಕೋತಿದ್ರು. ಒಣಗಿದ ಗವಸು ಹಾಕ್ಕೊಂಡು ಬಂದವನನ್ನ ದೋಣಿಗೇ ಹತ್ತಿಸ್ತಿರ್ಲಿಲ್ಲ. ಹೇಗೂ ಒದ್ದೆಯಾಗೋದೇ ತಾನೆ? ಒದ್ದೆಯಲ್ಲೇ ಬೆಚ್ಚಗಿರೋದು ಹುಡುಕು."

ಫೋನ್ ಇಟ್ಟೆ. ಒಂಬತ್ತು ದಿನದ ಹಿಂದೆ ನಾನು ಅಂಗಡಿಯವನನ್ನು ಕೇಳಿದ್ದೂ ಇದನ್ನೇ. ಅವನಿಗೆ ಗೊತ್ತಿರಲಿಲ್ಲ, ಸರಿ. ನನ್ನ ಪ್ರಶ್ನೆ ನನಗೇ ಅರ್ಥವಾಗಿರಲಿಲ್ಲವಲ್ಲ!

ಮಾರ್ಚ್ 24

ಬಸ್ಸಿನಲ್ಲಿ ಪೊಟ್ಟಣ ಬಂತು. ಒಣಮೀನು, ಜಿಡ್ಡು ತೊಳೆಯದ ಉಣ್ಣೆ ದಾರ ಐದು ಉಂಡೆ, ಓಲ್ಗಾಳ ಅಪ್ಪನ ಹಳೇ ಗವಸು ಒಂದು. ನಾಲ್ಕು ಬೆರಳೂ ಒಟ್ಟಿಗೆ ಹೋಗುವಂಥದ್ದು. ತೂತು ಬಿದ್ದಿದೆ. ಅದಕ್ಕೆ ಹೆಬ್ಬೆರಳು ಎರಡು! ಎಡಕ್ಕೊಂದು, ಬಲಕ್ಕೊಂದು.

ಯೋವ್ನ ಅದನ್ನು ಹಾಕಿಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ನೀನು ಕಳ್ಕೊಂಡಿದ್ದಕ್ಕೆ ಓಲ್ಗಾ ಬಡ್ಡಿ ಸೇರಿಸಿ ಕೊಟ್ಟಿದ್ದಾಳೆ ನೋಡು."

ಚೀಟಿಯಲ್ಲಿ ಬರೆದಿದ್ದಳು: ಹುಟ್ಟು ಹಾಕಿ ಹಾಕಿ ಅಂಗೈ ಕಡೆ ಸವೆದರೆ ತಿರುಗಿಸಿ ಇನ್ನೊಂದು ಹೆಬ್ಬೆರಳಿಗೆ ಹಾಕಿಕೊಳ್ಳುವುದು. ಹೆಣೆದ ಮೇಲೆ ಬಿಸಿನೀರಿನಲ್ಲಿ ಸಾಬೂನು ಹಾಕಿ ಚೆನ್ನಾಗಿ ತಿಕ್ಕು, ದಪ್ಪವಾಗುವವರೆಗೆ. ಅಷ್ಟೇ.

ಸಂಜೆ ಹೆಣೆಯಲು ಕೂತೆ. ಎಡಗೈಯಲ್ಲಿ ದಾರ ನಿಲ್ಲುವುದಿಲ್ಲ. ಎರಡು ಸಾಲಿಗೆ ಏಳು ಕಡೆ ಎಳೆ ಬಿತ್ತು. ಕಡ್ಡಿಗಳನ್ನು ಗೋಡೆಗೆ ಎಸೆದೆ. ಬೆರಳು ಕೆಂಪು, ಸಿಟ್ಟಿಗೆ.

ಮಾರ್ಚ್ 29

ಯೋವ್ನ ಹೆಣೆಯುತ್ತಿದ್ದಾನೆ. ಹೌದು. ಮೂವತ್ತು ಹೆಜ್ಜೆ ದೂರದಿಂದ ಓಡುವ ಸಾರಂಗದ ಕೊಂಬಿಗೆ ಹಗ್ಗ ಎಸೆಯುತ್ತಿದ್ದ ಗಂಡಸು. ಬಿದ್ದ ಕಡ್ಡಿಗಳನ್ನು ಅವನೇ ಎತ್ತಿಕೊಂಡು, "ಬಲೆ ಹೆಣೆಯೋಕೆ ಬರುತ್ತೆ, ಇದು ಬರಲ್ವಾ?" ಎಂದಿದ್ದ. ಬಂತು. ನನಗಿಂತ ಬಿಗಿಯಾಗಿ, ಸಾಲಾಗಿ.

ಇಸಾತ್ ಬಾಗಿಲಲ್ಲಿ ನಿಂತು ನೋಡಿದ. "ಏನಣ್ಣಾ, ಮುಂದಿನ ವಾರ ಲಂಗ ಹೊಲೀತೀಯಾ?"

"ಹೊಲೀತೀನಿ. ನಿನ್ನ ಅಳತೆ ಕೊಟ್ಟು ಹೋಗು."

ನಾನು ಬಿದ್ದು ಬಿದ್ದು ನಕ್ಕೆ. ಎಷ್ಟು ದಿನವಾಗಿತ್ತೋ.

ಏಪ್ರಿಲ್ 1

ಕಷ್ಟ. ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ಗವಸು ಹೆಣೆದು ಮುಗಿದಿತ್ತು. ನನ್ನ ಕೈಗೆ ಅಳತೆ ತೆಗೆದಂತೆ ಕೂತಿತ್ತು. ಖುಷಿಯಿಂದ ಬಿಸಿನೀರು, ಸಾಬೂನು ಹಾಕಿ ಒಂದು ಗಂಟೆ ತಿಕ್ಕಿದೆ. ದಪ್ಪವಾಯಿತು, ಗಟ್ಟಿಯಾಯಿತು, ಚಿಕ್ಕದಾಯಿತು. ಇನ್ನೂ ಚಿಕ್ಕದಾಯಿತು. ಕೊನೆಗೆ ಅದು ಸರಿಯಾಗಿ ಕೂತದ್ದು ಕಾಫಿ ಪಾತ್ರೆಯ ಮೂತಿಗೆ.

ಓಲ್ಗಾ ಫೋನಿನಲ್ಲಿ ಉಸಿರು ಕಟ್ಟುವಷ್ಟು ನಕ್ಕಳು. "ಕೈಯ ಎರಡರಷ್ಟು ದೊಡ್ಡದು ಹೆಣೀಬೇಕು ಕಣೆ! ನಮ್ಮೂರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು!"

"ನೀನು ಬರೆದಿರ್ಲಿಲ್ಲ!"

"ನೀರು ಒದ್ದೆ ಇರುತ್ತೆ ಅಂತಾನೂ ಬರೆದಿರ್ಲಿಲ್ಲ!"

ಅವಳ ಅಪ್ಪನ ಗವಸು ಅಷ್ಟು ದೊಡ್ಡದಿದ್ದದ್ದು ಆ ಮನುಷ್ಯ ಗೂಳಿಯ ಹಾಗಿದ್ದ ಕಾರಣಕ್ಕೆ ಎಂದುಕೊಂಡಿದ್ದೆ. ಸಾರಂಗದವರು ನಾವು. ತೊಗಲು ಹದ ಮಾಡಿದರೆ ಎಷ್ಟು ಕುಗ್ಗುತ್ತದೆ ಎಂದು ಕಣ್ಣುಮುಚ್ಚಿ ಹೇಳುತ್ತೇವೆ, ಉಣ್ಣೆಯ ಬಗ್ಗೆ ಹೇಳಿಕೊಡುವವರಿಲ್ಲ.

ಪರೀಕ್ಷೆಗೆ ಇನ್ನು ಹತ್ತು ದಿನ. ದಾರ ಎರಡು ಜೊತೆಗೆ ಆಗುವಷ್ಟಿದೆ. ಯೋವ್ನ ಕಾಗದ, ಪೆನ್ಸಿಲ್ ತೆಗೆದುಕೊಂಡು ಬಂದ. "ಕೈ ಇಡು. ಅಳತೆ ಬೇಕು."

ಬಲಗೈ ಇಟ್ಟೆ.

"ಎಡಗೈ, ರಿಸ್ತೆನ್."

ಕಟ್ಟು ಬಿಚ್ಚಿದ ಮೇಲೆ ಅವನ ಮುಂದೆಯೂ ಆ ಕೈಯನ್ನು ಹೀಗೆ ಬಿಡಿಸಿ ಇಟ್ಟಿರಲಿಲ್ಲ. ಇಟ್ಟೆ. ಅವನು ಒಂದೊಂದು ಬೆರಳಿನ ಸುತ್ತಲೂ ನಿಧಾನವಾಗಿ ಗೀಟು ಎಳೆದ, ಮೊಂಡು ಬೆರಳುಗಳ ಸುತ್ತಲೂ ಅಷ್ಟೇ ನಿಧಾನವಾಗಿ. "ಇಲ್ಲಿ ಒಂದಿಷ್ಟು ಬಿಡುವು ಇಡ್ತೀನಿ. ಬೆಚ್ಚಗಿನ ಗಾಳಿ ನಿಲ್ಲೋಕೆ ಜಾಗ ಬೇಕು" ಎಂದ. ಅಷ್ಟೇ ಹೇಳಿದ್ದು. ನಾನು ಎದ್ದು ಹೋಗಿ ಒಲೆಗೆ ಸೌದೆ ಹಾಕಿದೆ, ಒಲೆ ತುಂಬಿದ್ದರೂ.

ಏಪ್ರಿಲ್ 9

ಎರಡು ಜೊತೆ ಸಿದ್ಧ. ದಪ್ಪ, ಬೂದು, ನಾಯಿಯ ಕಿವಿಯ ಹಾಗೆ ಆ ಕಡೆ ಈ ಕಡೆ ಹೆಬ್ಬೆರಳು. ಕುರೂಪಿಯೇ ಸರಿ. ತೊಟ್ಟಿಯಲ್ಲಿ ಅದ್ದಿ, ಹಿಂಡಿ, ಹಾಕಿಕೊಂಡೆ. ಮೊದಲು ಕೈ ಜುಮ್ಮೆಂದಿತು. ಮೂರು ನಿಮಿಷಕ್ಕೆ ಬೆಚ್ಚಗಾಯಿತು. ನಲವತ್ತು ನಿಮಿಷಕ್ಕೂ ಬೆಚ್ಚಗಿತ್ತು. ಯೋವ್ನ ಗಡಿಯಾರ ಕೆಳಗಿಟ್ಟು, "ಸಾಕು, ನನಗೆ ಹಸಿವು" ಎಂದ.

ಆದರೆ ಅಡುಗೆಮನೆಯಲ್ಲಿ ಗಾಳಿ ಇಲ್ಲ.

ಏಪ್ರಿಲ್ 11

ನಿಧಾನವಾಗಿ, ಒಂದೂ ಬಿಡದೆ ಬರೆಯುತ್ತೇನೆ.

ಶೂನ್ಯಕ್ಕಿಂತ ಹದಿನಾಲ್ಕು ಡಿಗ್ರಿ ಕೆಳಗೆ, ಎದುರು ಗಾಳಿ. ಅತ್ತೆ ಬೆಳಿಗ್ಗೆಯಿಂದ ಮಂಜುಗಡ್ಡೆಯ ತೂತಿನ ಪಕ್ಕ ಸಾರಂಗದ ತೊಗಲು ಹಾಸಿ ಮೀನಿಗೆ ಗಾಳ ಹಾಕಿ ಕೂತಿದ್ದರು. ಮೂರು ಮನೆಯವರೂ ಬಂದು ನಿಂತಿದ್ದರು. ಅತ್ತೆ ನನ್ನ ಗವಸುಗಳನ್ನು ತೆಗೆದುಕೊಂಡು ತಮ್ಮ ಕೈಯಾರೆ ತೂತಿನಲ್ಲಿ ಮುಳುಗಿಸಿ ಕೊಟ್ಟರು. ಹಿಂಡಿ ಹಾಕಿಕೊಂಡೆ.

"ಅದೇನು ಅತ್ತಿಗೆ, ಮೊಲದ ಕಿವಿ?" ಇಸಾತ್.

"ನಿನ್ನ ಮಾತು ಕೇಳಿಸಿಕೊಳ್ಳೋಕೆ."

ಹೋಗುವಾಗ ಚೆನ್ನಾಗಿತ್ತು. ಆಚೆ ದಡದ ಬಂಡೆ ಮುಟ್ಟಿ ತಿರುಗಿದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಎಡಗೈಯ ನಡುಬೆರಳು ಮಾತಾಡುವುದನ್ನು ನಿಲ್ಲಿಸಿತು. ಗಾಡಿಯ ಹಿಡಿಗೆ ಒಳಗಿನಿಂದ ಬಿಸಿ ಬರುತ್ತದೆ. ಆ ಬಿಸಿಗೆ ಅಂಗೈ ಕಡೆಯ ಉಣ್ಣೆ ನೀರು ಬಿಟ್ಟು, ಒತ್ತಿ ಒತ್ತಿ ಚಪ್ಪಟೆಯಾಗಿತ್ತು. ಚಪ್ಪಟೆ ಉಣ್ಣೆ ಬೆಚ್ಚಗಿಡುವುದಿಲ್ಲ. ನವೆಂಬರಿನ ಆ ಮೂರು ಗಂಟೆ ಮೈಮೇಲೆ ಬಂದ ಹಾಗಾಯಿತು. ಮನಸ್ಸಿನಲ್ಲಿ ಆ ನಾಲ್ಕು ಹೆಣ್ಣುಗಳು ಬಂದು ನಿಂತವು.

ಗಾಡಿ ನಿಲ್ಲಿಸಿದೆ. ಗವಸು ತೆಗೆದು ಹಿಂಡಿದೆ. ಹಾಕಿಕೊಳ್ಳುವ ಅವಸರಕ್ಕೆ ನನ್ನ ಹೆಬ್ಬೆರಳು ಗವಸಿನ ತಪ್ಪಾದ ಹೆಬ್ಬೆರಳಿಗೆ ಹೋಯಿತು. ಬಯ್ದುಕೊಂಡು ತೆಗೆಯಹೋದವಳು ಹಾಗೇ ನಿಂತೆ. ಗಾಳಿಗೆ ಇದ್ದ ಬೆನ್ನಿನ ಕಡೆ ಈಗ ಅಂಗೈಗೆ ಬಂದಿತ್ತು. ಅದು ಇನ್ನೂ ಉಬ್ಬಿಕೊಂಡೇ ಇತ್ತು, ಮೆತ್ತಗೆ. ಚಪ್ಪಟೆಯಾದ ಒದ್ದೆ ಕಡೆ ಗಾಳಿಗೆ ಬಂದು, ನೋಡುತ್ತಿದ್ದ ಹಾಗೆ ಗಟ್ಟಿಯಾಗಿ ತೆಳು ಮಂಜಿನ ಚಿಪ್ಪಾಯಿತು. ಆ ಚಿಪ್ಪಿನ ಒಳಗೆ ಗಾಳಿ ನುಗ್ಗಲಿಲ್ಲ! ಎರಡು ನಿಮಿಷಕ್ಕೆ ನಡುಬೆರಳು ಉರಿಯತೊಡಗಿತು. ಜೀವ ಇರುವ ಬೆರಳು ಮಾತ್ರ ಉರಿಯುತ್ತದೆ. ಒಬ್ಬಳೇ ಸರೋವರದ ನಡುವೆ ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ.

ಉಳಿದ ದಾರಿಯಲ್ಲಿ ಇನ್ನೊಂದು ಸಲ ತಿರುಗಿಸಿಕೊಂಡೆ. ಓಲ್ಗಾಳ ಅಪ್ಪನ ದೋಣಿಗೆ ಬಿಸಿ ಹಿಡಿ ಇರಲಿಲ್ಲ, ಹಾಗಾಗಿ ಇದು ಅವರಿಗೂ ಗೊತ್ತಿರಲಾರದು.

ಅತ್ತೆ ನನ್ನ ಎಡಗೈಯ ಗವಸು ಎಳೆದು, ಕೈಯನ್ನು ತಮ್ಮ ಶಾಲಿನೊಳಗೆ, ಕುತ್ತಿಗೆಗೆ ಒತ್ತಿಕೊಂಡರು. ಕಣ್ಣು ಮುಚ್ಚಿದರು. ಎಲ್ಲರೂ ಹತ್ತಿರ ಬಂದು ಬಗ್ಗಿ ನೋಡಿದರು. ಇಸಾತ್ ಕೂಡ.

"ನನ್ನ ಕುತ್ತಿಗೆಗಿಂತ ಇದೇ ಬೆಚ್ಚಗಿದೆ" ಎಂದರು ಅತ್ತೆ. "ಇಸಾತ್, ಅಡುಗೆ ಜಾರುಬಂಡಿಗೆ ಕಾಫಿಪುಡಿ ಹಾಕೋದು ಮರೀಬೇಡ."

ಗೆದ್ದೆ! ಯೋವ್ನ ಊರುಗೋಲನ್ನು ಮೇಲೆತ್ತಿ ಬೀಸಿ, ಹಿಮದಲ್ಲಿ ಕುಕ್ಕರಿಸಿ ಬಿದ್ದ. ಎತ್ತಲು ಹೋದವಳು ನಾನೂ ಬಿದ್ದೆ. ಬಿದ್ದಲ್ಲೇ ಇಬ್ಬರೂ ನಕ್ಕೆವು.

ಏಪ್ರಿಲ್ 18

ಹೊರಟೆವು. ಬೆಳಗಿನ ಜಾವ ಹಿಮ ಗಟ್ಟಿಯಿತ್ತು. ನನ್ನ ಗಾಡಿಯ ಹಿಂದೆ ಹಗ್ಗದಲ್ಲಿ ಹಿರಿಯ ಸಾರಂಗ, ಅದರ ಹಿಂದೆ ಹಿಂಡು. ಗೊರಸುಗಳ ಚಿಟಿಚಿಟಿ ಸದ್ದು. ನಿಧಾನ, ನಡಿಗೆಯ ವೇಗ. ಯೋವ್ನ ಬಾಗಿಲಲ್ಲಿ ನಿಂತು, "ಹಿಂಡಿ ಹಾಕ್ಕೋ!" ಎಂದು ಕೂಗಿದ. ಊರಿಗೆಲ್ಲ ಕೇಳಿಸಿರಬೇಕು.

ಏಪ್ರಿಲ್ 20

ಸುಸ್ತು. ಎಲ್ಲ ಇವೆ. ಒಂದೂ ಕಂದು ಹಾಕಿಲ್ಲ.

ಏಪ್ರಿಲ್ 23

ಡೇರೆಯೊಳಗೆ ಬರೆಯುತ್ತಿದ್ದೇನೆ. ಹೊರಗೆ ಹಿಂಡು ಮಲಗಿದೆ.

ಇವತ್ತು ನದಿ. ಮಂಜುಗಡ್ಡೆಯ ಮೇಲೆ ಮೊಣಕಾಲುದ್ದ ಹಿಮದ ರೊಜ್ಜು. ನಡುನೀರಿನಲ್ಲಿ ಹಿರಿಯ ಸಾರಂಗ ಬೆದರಿ ಅಡ್ಡ ಓಡಿತು. ಹಗ್ಗ ಗಾಡಿಯ ಮುಂಭಾಗದ ಜಾರುವ ಹಲಗೆಗೆ ಸುತ್ತಿಕೊಂಡು ಬಿಗಿಯಿತು. ಹಿಂದೆ ಹಿಂಡು ಒತ್ತಿಕೊಂಡು ನಿಂತಿತು. ಅವು ತಿರುಗಿ ಓಡಿದರೆ ಮುಗಿಯಿತು. ಇಳಿದೆ. ಎರಡೂ ಕೈ ರೊಜ್ಜಿನೊಳಗೆ ತೂರಿಸಿ ಗಂಟು ಹುಡುಕಿದೆ. ಇಸಾತ್ ಹಿಂದಿನಿಂದ ಓಡಿ ಬಂದು ತಾನೂ ಕೈ ಹಾಕಿ ಹಲಗೆ ಎತ್ತಿಹಿಡಿದ. ನಾನು ಗಂಟು ಬಿಚ್ಚಿದೆ. ಹಿಂಡು ದಾಟಿತು, ಎಲ್ಲವೂ, ಒಂದೊಂದೂ.

ಆಚೆ ದಡದಲ್ಲಿ ನಾನು ಗವಸು ಹಿಂಡಿ, ತಿರುಗಿಸಿ ಹಾಕಿಕೊಂಡೆ. ಇಸಾತ್ ಗವಸು ತೆಗೆದ. ಅಸ್ತರಿ ಬೆರಳುಗಳ ಜೊತೆಗೇ ಬಂತು. ಅವನು ಬೆರಳು ತೂರಿಸಲು ಒದ್ದಾಡಿದ, ಹಲ್ಲಿನಿಂದ ಎಳೆದ, ಊದಿದ. ಬೆರಳ ತುದಿಗಳು ಬೆಳ್ಳಗಾಗುತ್ತಿದ್ದವು. ಆ ಬಿಳುಪು ನನಗೆ ಗೊತ್ತು. ಅಂಗಿಯೊಳಗಿಂದ ನನ್ನ ಇನ್ನೊಂದು ಜೊತೆ ತೆಗೆದು ಅವನ ಎದೆಗೆ ಎಸೆದೆ.

"ಮೊಲದ ಕಿವಿ ಹಾಕ್ಕೋ."

ಹಾಕಿಕೊಂಡ. ತುಸು ಹೊತ್ತು ಅವನ ಮುಖ ನೋಡಿದೆ. ಮೊದಲ ಸಲ ಕೈ ಬೆಚ್ಚಗಾದವನ ಹಾಗಿತ್ತು. "ಎರಡನೇ ಹೆಬ್ಬೆರಳು ಯಾಕೆ?" ಎಂದ. ಹೇಳಿಕೊಟ್ಟೆ.

ಮಧ್ಯಾಹ್ನ ಗಾಳಿ ಎದ್ದಿತು. ಮುಂದೆ ದಾರಿ ಎರಡಾಗುವಲ್ಲಿ ನಿಲ್ಲಿಸಿದೆ. ಎಡಕ್ಕೆ ತಗ್ಗು, ಹತ್ತಿರ, ಆದರೆ ಹಿಮ ಸಡಿಲ. ಬಲಕ್ಕೆ ದಿಬ್ಬ, ದೂರ, ಗಾಳಿಗೆ ಬೋಳು, ಆದರೆ ಗಟ್ಟಿ ನೆಲ. ಹೆಣ್ಣುಗಳು ಬಾಯಿ ತೆರೆದು ಉಸಿರಾಡುತ್ತಿದ್ದವು. ಎಲ್ಲರ ಗಾಡಿಗಳೂ ಒಂದೊಂದಾಗಿ ಬಂದು ನನ್ನ ಸುತ್ತ ನಿಂತವು. ಇಸಾತ್ ಎಡಕ್ಕೆ ಹೋಗೋಣ ಎಂದು ಈಗ ಹೇಳುತ್ತಾನೆ, ನಾನು ಜಗಳಕ್ಕೆ ಸಿದ್ಧಳಾಗಬೇಕು ಎಂದುಕೊಳ್ಳುತ್ತ ಎಡಗೈಯ ಗವಸು ತೆಗೆದು ಹಿಂಡುತ್ತಿದ್ದೆ.

ಅವನು ಎಂಜಿನ್ ಆರಿಸಿ ನನ್ನ ಕಡೆ ಬಾಗಿದ.

"ಅತ್ತಿಗೆ, ಯಾವ ಕಡೆ ಹೋಗೋಣ?"

ಬರಿಗೈ ಎತ್ತಿ ದಿಬ್ಬ ತೋರಿಸಿದೆ. ಎಲ್ಲರೂ ದಿಬ್ಬದ ಕಡೆ ನೋಡಿದರು. ಒಬ್ಬರೂ ನನ್ನ ಕೈ ಕಡೆ ನೋಡಲಿಲ್ಲ. ಗವಸು ಹಾಕಿಕೊಂಡು ಗಾಡಿ ಹೊರಡಿಸಿದೆ, ಹಿಂದೆ ಹಿಂಡು ಹೆಜ್ಜೆ ಹಾಕುವ ಸದ್ದು ಕೇಳಿತು.